ದೋಣಿಯವನು ಒಲ್ಲೆನೆಂದ ಕಾಸು

"ಬಾಯಿ ತೆಗೆದರೆ ಒಳಗೆ ಆಗಲೇ ಒಂದು ಕಾಸಿತ್ತು."

ಅಂಪ್ಲಿಯಾಟ ಇಷ್ಟು ಹೇಳಿ ಪರದೆಯ ಕಡೆ ನೋಡಿದಳು. ಹೆಣ ತೊಳೆಯುವುದು ಅವಳ ಕಸುಬು. ರೋಮಿನ ಎಸ್ಕ್ವಿಲೈನ್ ಗುಡ್ಡದ ದೊಡ್ಡ ಮನೆಗಳಲ್ಲಿ ಯಾರು ಸತ್ತರೂ ಅವಳನ್ನೇ ಕರೆಯುತ್ತಾರೆ. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಖವಾಡದ ದಾರ ಕಟ್ಟಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದೆ.

"ಯಾರ ಬಾಯಿ?"

"ಇನ್ಯಾರದು? ನಿಮ್ಮ ಯಜಮಾನಂದು. ಮೈ ತೊಳೆದು, ಎಣ್ಣೆ ಹಚ್ಚಿ, ಸತ್ತೋರನ್ನ ನದಿ ದಾಟಿಸೋ ದೋಣಿಯವನಿಗೆ ಕೊಡೋ ಕಾಸು ನಾಲಿಗೆ ಮೇಲಿಡೋಣ ಅಂತ ದವಡೆ ಬಿಡಿಸಿದೆ. ಬೆರಳಿಗೆ ತಣ್ಣಗೆ ತಗುಲ್ತು. ನನಗಿಂತ ಮುಂಚೆ ಯಾರೋ ಇಟ್ಟು ಹೋಗಿದ್ರು."

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಹೇಳಿದ್ರೆ ಕಳ್ಳಿ ಅಂತಿದ್ರು. ಹೆಣದ ಬಾಯಿಂದ ಕಾಸು ಎತ್ತೋಳು ಅಂತ ಹೆಸರು ಬಂದ್ರೆ ಈ ಊರಲ್ಲಿ ನನ್ನ ಯಾರು ಕರೀತಾರೆ, ನೀನೇ ಹೇಳು. ಆದ್ರೆ ನಾಳೆ ಲಾಯದಲ್ಲಿರೋರನ್ನೆಲ್ಲ ಎಳ್ಕೊಂಡು ಹೋಗ್ತಾರಂತೆ. ನಿನ್ನಕ್ಕನೂ ಅಲ್ಲೇ ಇದಾಳಲ್ಲ. ನಿದ್ದೆ ಬರಲಿಲ್ಲ ಕಣೋ ಪೇಜೋನ್."

ನನ್ನ ಯಜಮಾನ ಔಲಸ್ ವೆಟ್ಟಿಡಿಯಸ್ ತನ್ನ ಮನೆಯಲ್ಲೇ, ಓದುವ ಕೋಣೆಯಲ್ಲಿ, ಪಕ್ಕೆಗೆ ಚಾಕು ತಿಂದು ಸತ್ತಿದ್ದ. ಯಜಮಾನ ತನ್ನ ಸೂರಿನಡಿ ಕೊಲೆಯಾದರೆ, ಕೊಂದವನು ಹೊರಗಿನವನು, ಒಳಗಿನವರ ನೆರವೂ ಇರಲಿಲ್ಲ ಎಂದು ತಿಳಿಯದ ಹೊರತು, ಆ ಮನೆಯ ಗುಲಾಮರೆಲ್ಲ ಸಾಯಬೇಕು. ರೋಮಿನ ಕಟ್ಟಳೆ ಅದು. ಮೊದಲು ಹಿಂಸೆ, ಆಮೇಲೆ ಶಿಲುಬೆ. ಅದಕ್ಕೆಂದೇ ಅವರನ್ನೆಲ್ಲ ಸಂಕೋಲೆ ಹಾಕಿ ಮನೆಯ ಕುದುರೆ ಲಾಯದಲ್ಲಿ ಕೂಡಿಟ್ಟಿದ್ದರು.

ನಾನೂ ನನ್ನಕ್ಕ ಹಿಲಾರಳೂ ಆ ಮನೆಯಲ್ಲೇ ಹುಟ್ಟಿದ ಗುಲಾಮರು. ಬೇರೆಯವರ ನಡಿಗೆ, ಕೆಮ್ಮು, ಗೊಣಗಾಟ ನನ್ನ ಮೈಮೇಲೆ ತಾನಾಗಿ ಬರುತ್ತಿತ್ತು. ಅದನ್ನು ಮೆಚ್ಚಿ ಹಳೇ ಯಜಮಾನರು ನನಗೆ ಬಿಡುಗಡೆ ಕೊಟ್ಟರು. ಅಕ್ಕನ ಕೈರುಚಿ ಮೆಚ್ಚಿ ಅವಳನ್ನು ಅಡುಗೆಮನೆಯಲ್ಲೇ ಉಳಿಸಿಕೊಂಡರು.

ಅಂದಿನಿಂದ ನಾನು ಶವಯಾತ್ರೆಯ ನಟ. ಸತ್ತವನ ಮೇಣದ ಮುಖವಾಡ ಹಾಕಿಕೊಂಡು, ಅವನ ಹಾಗೇ ನಡೆದು, ಅವನ ಹಾಗೇ ಮಾತಾಡಿ ಊರನ್ನು ನಗಿಸುವುದು ನನ್ನ ಕೆಲಸ. ಸೆನೇಟಿನವರು ತಮ್ಮ ಸಾವಿಗೆ ಮುಂಚೆಯೇ ನನ್ನನ್ನು ಗೊತ್ತುಮಾಡಿ ಇಡುತ್ತಾರೆ. ಇವತ್ತು ನಾನು ಔಲಸ್ ಆಗಬೇಕಿತ್ತು.

"ಎಲ್ಲಿ, ತೋರಿಸು."

ಅವಳು ಸೆರಗಿನ ಗಂಟು ಬಿಚ್ಚಿದಳು. ದಪ್ಪ ಕಾಸು, ಮಸಿಯಂಥ ಬಣ್ಣ. ಒಂದು ಕಡೆ ಗಡ್ಡದ ನದೀದೇವರು.

"ಈಜಿಪ್ಟಿನದು," ಅಂದೆ.

"ಅದಕ್ಕೇ ಹೆದರಿಕೆ. ಇಡೀ ರೋಮಲ್ಲಿ ಇದಕ್ಕೆ ಒಂದು ಈರುಳ್ಳಿ ಬರಲ್ಲ. ಆ ದೇಶ ಬಿಟ್ಟರೆ ಇದು ಬರೀ ತಗಡು."

"ಕಣ್ಣು ಹೇಗಿತ್ತು?"

"ಮುಚ್ಚಿತ್ತು. ಇರಿತಕ್ಕೆ ಸತ್ತೋರ ಕಣ್ಣು ತಾನಾಗಿ ಮುಚ್ಚಲ್ಲ, ನಾನು ಎಷ್ಟು ನೋಡಿಲ್ಲ. ಬೆಳಿಗ್ಗೆ ನೋಡಿದ ಆಳು ಹತ್ತಿರಾನೂ ಹೋಗಲಿಲ್ಲ, ಕಿರುಚ್ಕೊಂಡು ಓಡಿದ್ನಂತೆ. ಹೆಂಡ್ತಿ ವಿಬಿಯಮ್ಮನವರು ಬಾಗಿಲಲ್ಲೇ ಮೂರ್ಛೆ ಹೋದರು. ಹಾಗಾದ್ರೆ ಮುಚ್ಚಿದ್ದು ಯಾರು?"

ನಾನು ಕಾಸನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

ಕೊಂದವನೇ ಕಣ್ಣು ಮುಚ್ಚಿದ್ದ. ಕೊಂದವನೇ ದಾರಿಗೆ ಕಾಸು ಕೊಟ್ಟಿದ್ದ. ಕಳ್ಳನಾಗಿದ್ದರೆ ಹೆಣ ಬಿಟ್ಟು ಓಡುತ್ತಿದ್ದ. ಸಿಟ್ಟಿಗೆದ್ದ ಗುಲಾಮನಾಗಿದ್ದರೆ ಮುಖಕ್ಕೆ ಉಗುಳುತ್ತಿದ್ದ. ಕಣ್ಣು ಮುಚ್ಚಿ ಬಾಯಿಗೆ ಕಾಸಿಡುವುದು ರಕ್ತಸಂಬಂಧಿಯ ಕೆಲಸ. ಅದನ್ನು ಮಾಡದಿದ್ದರೆ ಸತ್ತವನು ನದಿ ದಾಟಲಾರದೆ ತಿರುಗಿ ಮನೆಗೆ ಬರುತ್ತಾನೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು.

ಕೈಯಲ್ಲಿ ರಕ್ತ ಇದ್ದಾಗಲೂ ಅವನು ಆ ಕರ್ಮ ಮಾಡಿ ಮುಗಿಸಿ ಹೋಗಿದ್ದ. ಅವನು ಔಲಸನಿಗಿಂತ ಔಲಸನ ಪ್ರೇತಕ್ಕೆ ಹೆಚ್ಚು ಹೆದರುವವನು.

ಈಜಿಪ್ಟಿನ ಸಂಪರ್ಕ ಇದ್ದವರು ಆ ಮನೆಯ ಸುತ್ತ ಇಬ್ಬರೇ. ಒಬ್ಬ ಯೂಟಿಕಸ್, ಅಲೆಕ್ಸಾಂಡ್ರಿಯದಿಂದ ಬರುವ ಗೋಧಿ ಹಡಗುಗಳನ್ನು ಓಸ್ಟಿಯಾ ಬಂದರಿನಲ್ಲಿ ಇಳಿಸಿಕೊಳ್ಳುವ ಏಜೆಂಟ್. ಇನ್ನೊಬ್ಬ ಸತ್ತವನ ತಮ್ಮ ಡೆಸಿಮಸ್.

"ಅಂಪ್ಲಿಯಾಟ, ಇದು ನನ್ನ ಹತ್ರ ಇರಲಿ."

"ಇಟ್ಕೋ. ನನ್ನ ಹೆಸರು ಮಾತ್ರ ಎತ್ತಬೇಡ."

"ಎತ್ತಲ್ಲ. ಇವತ್ತು ನನ್ನ ಹೆಸರೇ ಎತ್ತೋ ಹಾಗಿಲ್ಲ."

* * *

ಹಜಾರದಲ್ಲಿ ಜನ ಸೇರಿದ್ದರು. ಔಲಸನನ್ನು ಎತ್ತರದ ಮಂಚದ ಮೇಲೆ, ಕಾಲು ಬಾಗಿಲ ಕಡೆ ಮಾಡಿ ಮಲಗಿಸಿದ್ದರು. ಕೊಳಲಿನವರು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅಳಲಿಕ್ಕೆ ಬಂದ ಹೆಂಗಸರು ಮೂಲೆಯಲ್ಲಿ ಕೂತು ಅಂಜೂರ ತಿನ್ನುತ್ತಿದ್ದರು.

ಯೂಟಿಕಸ್ ಕಂಬಕ್ಕೆ ಒರಗಿ ನಿಂತಿದ್ದ. ಅವನೂ ನನ್ನ ಹಾಗೇ ಬಿಡುಗಡೆಯಾದವನು, ಆದರೆ ಹೊಟ್ಟೆ ಬಂದಿತ್ತು, ಬೆರಳಿಗೆ ಉಂಗುರ ಬಂದಿತ್ತು.

"ಏನಯ್ಯಾ ಪ್ರೇತ, ತಯಾರಾ?"

"ಒಂದು ಸಣ್ಣ ತಮಾಷೆ ಸೇರಿಸೋಣ ಅಂತಿದೀನಿ. ನಿಮ್ಮ ನಾವಿಕರು ಇಲ್ಲಿ ಸಾರಾಯಿ ಅಂಗಡೀಲಿ ಈಜಿಪ್ಟಿನ ಕಾಸು ಕೊಡೋದುಂಟಾ?"

ಅವನು ಗಟ್ಟಿಯಾಗಿ ನಕ್ಕ. ಅಳುವ ಹೆಂಗಸೊಬ್ಬಳು ಶ್ ಅಂದಳು.

"ಕೊಟ್ಟರೆ ಅಂಗಡಿಯವನು ತಲೆ ಒಡೀತಾನೆ. ಹಡಗಿಳಿದ ತಕ್ಷಣ ಕಾಸು ಬದಲಾಯಿಸೋ ಕಟ್ಟೆಗೆ ಓಡಬೇಕು. ಆ ಕಾಸು ಕೈಲಿರೋದು ಇಳಿದ ದಿನ ಮಾತ್ರ. ಮಾರನೇ ದಿನ ಇಟ್ಕೊಂಡಿರೋನು ಪೆದ್ದ."

"ನೀವು ಇಟ್ಕೊಳ್ಳಲ್ವಾ?"

"ನಾನಾ? ಆ ಕಟ್ಟೆ ನನ್ನದೇ ಕಣಯ್ಯಾ!"

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸುಳ್ಳು ಹೇಳುವಾಗ ಯೂಟಿಕಸ್ ಕಿವಿ ಮುಟ್ಟಿಕೊಳ್ಳುತ್ತಾನೆ, ಹುಡುಗನಾಗಿದ್ದಾಗಿನಿಂದ ಹಾಗೇ. ಕೈ ಕಂಬದ ಮೇಲೇ ಇತ್ತು.

ಇಳಿದ ದಿನ ಮಾತ್ರ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಡೆಸಿಮಸ್ ಮಂಚದ ತಲೆಯ ಹತ್ತಿರ, ಕಪ್ಪು ಟೋಗ ಹೊದ್ದು ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. ಕಣ್ಣು ಊದಿತ್ತು. ಅವನನ್ನು ಕಂಡರೆ ಯಾರಿಗೂ ಅಯ್ಯೋ ಅನ್ನಿಸಬೇಕು. ಎಷ್ಟೋ ವರ್ಷದ ಹಿಂದೆ ಅಣ್ಣ ಅವನನ್ನು ವ್ಯಾಪಾರ ನೋಡಿಕೊಳ್ಳಲು ಅಲೆಕ್ಸಾಂಡ್ರಿಯಕ್ಕೆ ಕಳಿಸಿದ್ದ. ಆಮೇಲೆ ವಾಪಸ್ ಕರೆಸಿಕೊಳ್ಳಲೇ ಇಲ್ಲ.

ಸತ್ತವನ ಬಗ್ಗೆ ಮನೆಯವರನ್ನು ಕೇಳುವುದು ನನ್ನ ಕೆಲಸದ ಭಾಗ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

"ಚಿಕ್ಕ ಯಜಮಾನರೇ, ಅಣ್ಣನವರನ್ನ ಕೊನೆಗೆ ನೋಡಿದ್ದು ಯಾವಾಗ?"

"ನನ್ನ ಹಡಗು ಹತ್ತಿಸೋಕೆ ಬಂದಿದ್ದನಲ್ಲ, ಆವಾಗ." ಕಣ್ಣೊರೆಸಿಕೊಂಡ. "ಈ ಸಲ ನಾನು ಓಸ್ಟಿಯಾದಲ್ಲಿ ಇಳಿಯೋ ಹೊತ್ತಿಗೆ ಎಲ್ಲ ಮುಗಿದಿತ್ತು. ಬಂದರಿನಲ್ಲೇ ಸುದ್ದಿ ಸಿಕ್ತು."

"ಎಷ್ಟು ತಡವಾಗಿ ಬಂದ್ರಿ."

"ಪೇಜೋನ್." ನನ್ನ ಮಣಿಕಟ್ಟು ಹಿಡಿದುಕೊಂಡ. "ಇಷ್ಟು ಹೊತ್ತಿಗೆ ಅವನು ದಾಟಿರ್ತಾನೆ ಅಲ್ವಾ? ಆಚೆ ದಡ ಸೇರಿರ್ತಾನೆ ಅಲ್ವಾ?"

"ಎಲ್ಲ ಕ್ರಮವಾಗಿ ನಡೆದಿದ್ರೆ ದಾಟ್ತಾರೆ, ಬುದ್ಧಿ."

"ಕ್ರಮವಾಗೇ ನಡೆದಿದೆ," ಅಂದ ತಟ್ಟನೆ.

ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಇನ್ನೊಬ್ಬರು ಮಾಡಿದ ಕೆಲಸದ ಬಗ್ಗೆ ಯಾರೂ ಅಷ್ಟು ಖಾತ್ರಿಯಿಂದ ಮಾತಾಡುವುದಿಲ್ಲ.

ನ್ಯಾಯಾಧಿಕಾರಿ ಅಸೆಲ್ಲಿಯಸ್ ಬಾಗಿಲ ಹತ್ತಿರ ಸೋಂಪು ಅಗಿಯುತ್ತ ನಿಂತಿದ್ದ. ಗುಲಾಮರ ಸಾವಿನ ಆಜ್ಞೆಗೆ ಉಂಗುರದ ಮುದ್ರೆ ಒತ್ತಬೇಕಾದವನು ಅವನೇ. ನಿಧಾನಸ್ಥ, ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸುವವನಲ್ಲ.

"ಸ್ವಾಮಿ, ಒಂದು ಕಾಸಿನ ವಿಷಯ ಇತ್ತು."

"ಹೇಳಬೇಡ."

"ಸ್ವಾಮಿ?"

"ನೀನು ನಟ. ನಾಗರಿಕನ ಮೇಲೆ ನಟ ದೂರು ಕೊಡೋ ಹಾಗಿಲ್ಲ. ನೀನು ಹೇಳಿದ್ದನ್ನ ನಾನು ಕೇಳಿಸ್ಕೊಂಡ್ರೆ, ಕೇಳಿಸ್ಕೊಂಡಿದ್ದಕ್ಕೇ ಆ ವಿಷಯ ಕೆಟ್ಟುಹೋಗುತ್ತೆ. ನಾಳೆ ಅವನ ವಕೀಲ ಬಂದು, ಇದು ಕೋಡಂಗಿ ಕಟ್ಟಿದ ಕತೆ ಅಂತಾನೆ. ಮುಗೀತು."

"ಈ ಮುಖ ಇಟ್ಕೊಂಡು ಹೇಳಿದ್ರೆ ತಾನೆ ತಪ್ಪು?"

"ಹೌದು."

ನಾನು ಕಂಕುಳಲ್ಲಿದ್ದ ಮುಖವಾಡ ಎತ್ತಿ ನನ್ನ ಮುಖದ ಪಕ್ಕ ಹಿಡಿದೆ. ಔಲಸನ ಬೋಳುತಲೆ, ಔಲಸನ ಬಿಗಿದ ತುಟಿ.

"ಈ ಮುಖ ಇಟ್ಕೊಂಡು ಹೇಳಿದ್ರೆ?"

ಅಸೆಲ್ಲಿಯಸ್ ಅಗಿಯುವುದನ್ನು ನಿಲ್ಲಿಸಿದ. ಮುಖವಾಡವನ್ನು ನೋಡಿದ, ಮಂಚದ ಮೇಲಿನ ಹೆಣವನ್ನು ನೋಡಿದ.

"ಆ ಮುಖದವನು ನಾಗರಿಕ," ಅಂದ ಮೆಲ್ಲಗೆ. "ಇವತ್ತು ಸಂಜೆ ಚಿತೆಗೆ ಬೆಂಕಿ ಇಡೋವರೆಗೆ ಅವನು ಏನು ಬೇಕಾದ್ರೂ ಮಾತಾಡಬಹುದು. ಅವನಿಗೆ ಯಾರಾದ್ರೂ ಉತ್ತರ ಕೊಟ್ಟರೆ ನನ್ನ ಕಿವಿ ಕಿವುಡಲ್ಲ."

* * *

ಕೊಂಬು ಊದಿದರು. ಮೆರವಣಿಗೆ ಹೊರಟಿತು.

ನಮ್ಮ ತಂಡದ ನಟರು ವೆಟ್ಟಿಡಿಯಸ್ ವಂಶದ ಅಜ್ಜ ಮುತ್ತಜ್ಜಂದಿರ ಮುಖ ಹಾಕಿಕೊಂಡು ರಥದಲ್ಲಿ ಮುಂದೆ ಹೋದರು. ನಾನು ಮಂಚದ ಮುಂದೆ ನಡೆದೆ, ಔಲಸನ ಹಾಗೇ ಎಡಗಾಲು ಎಳೆದುಕೊಂಡು, ಕಿರುಬೆರಳಿಂದ ಕಿವಿ ಕೆರೆದುಕೊಂಡು.

ಮೊದಲ ಬೀದಿಯಲ್ಲೇ ಜನ ಗುರುತು ಹಿಡಿದರು.

"ಅಯ್ಯಯ್ಯೋ, ಅವನೇ! ಅವನೇ ಎದ್ದು ಬಂದಿದಾನೆ!"

ಔಲಸನಿಗೆ ಆ ಬೀದಿಯಲ್ಲಿ ಬಾಡಿಗೆ ಮಾಳಿಗೆಗಳಿದ್ದವು. ಜೀವಮಾನದಲ್ಲಿ ಯಾರಿಗೂ ಹೂಂ ಅಂದವನಲ್ಲ, ಊಹೂಂ ಅಂದವನೂ ಅಲ್ಲ. ಏನು ಕೇಳಿದರೂ ಅವನದು ಒಂದೇ ಮಾತು. ಅದು ಊರಿಗೆಲ್ಲ ಬಾಯಿಪಾಠ.

ಐದನೇ ಅಂತಸ್ತಿನ ಕಿಟಕಿಯಿಂದ ಒಬ್ಬಳು ಬಗ್ಗಿ ಕೂಗಿದಳು: "ಯಜಮಾನ್ರೇ, ಸೋರೋ ಸೂರು ಯಾವಾಗ ಸರಿ ಮಾಡ್ತೀರಿ?"

ನಾನು ನಿಂತೆ. ಕಿವಿ ಕೆರೆದೆ. ತಲೆ ಎತ್ತಿದೆ.

"ನೋಡೋಣ, ನೋಡೋಣ."

ಬೀದಿಗೆ ಬೀದಿಯೇ ನಕ್ಕಿತು. ಹೆಣ ಹೊತ್ತವರ ಭುಜ ಕುಲುಕಿತು. ಮೀನು ಮಾರುವವಳೊಬ್ಬಳು ಬುಟ್ಟಿ ಕೆಳಗಿಟ್ಟು ಅಡ್ಡ ಬಂದಳು.

"ನೀನು ಸತ್ತಿದ್ದು ನಿಜಾನಾ?"

"ನೋಡೋಣ, ನೋಡೋಣ!"

ಹಿಂದೆ ತಿರುಗಿ ನೋಡಿದೆ. ವಿಧವೆ ವಿಬಿಯಮ್ಮ ಮುಸುಕಿನೊಳಗೆ ಅಳುತ್ತ ನಗುತ್ತಿದ್ದಳು. ಯೂಟಿಕಸ್ ಹೊಟ್ಟೆ ಹಿಡಿದುಕೊಂಡಿದ್ದ. ಡೆಸಿಮಸ್ ಮಾತ್ರ ಆ ಎರಡು ಮಾತು ಕೇಳಿದಾಗಲೆಲ್ಲ, ಯಾರೋ ಚಿವುಟಿದ ಹಾಗೆ ಭುಜ ಕುಗ್ಗಿಸುತ್ತಿದ್ದ.

ಫೋರಂ ಚೌಕ ಕಿಕ್ಕಿರಿದಿತ್ತು. ಭಾಷಣದ ಕಟ್ಟೆಯ ಮೇಲೆ ಔಲಸನ ಮಂಚ ಇಳಿಸಿದರು. ಅಜ್ಜ ಮುತ್ತಜ್ಜಂದಿರು ದಂತದ ಕುರ್ಚಿಗಳಲ್ಲಿ ಸಾಲಾಗಿ ಕೂತರು. ಔಲಸನಿಗೆ ಗಂಡು ಮಕ್ಕಳಿಲ್ಲ. ಹೊಗಳಿಕೆಯ ಮಾತಾಡಲು ಡೆಸಿಮಸ್ ಎದ್ದ.

ಚೆನ್ನಾಗಿಯೇ ಮಾತಾಡಿದ. ಅಣ್ಣ ತಂದೆಯಂತಿದ್ದ ಅಂದ. ಸಾಯುವ ಗಳಿಗೆಯಲ್ಲಿ ನಾನು ದೂರ ಸಮುದ್ರದ ಮೇಲಿದ್ದೆ ಅಂದ. ಹೆಂಗಸರು ಮೂಗೊರೆಸಿಕೊಂಡರು.

ನಾನು ಮೆಟ್ಟಿಲು ಹತ್ತಿದೆ. ಎಡಗಾಲಿನ ಸದ್ದು ಕಲ್ಲಿನ ಮೇಲೆ ಸರಕ್ ಸರಕ್ ಅಂತ ಕೇಳುತ್ತಿತ್ತು.

"ಮುಗೀತೇನೋ ತಮ್ಮಾ, ನನ್ನ ಹೊಗಳಿದ್ದು?"

ಜನ ಚಪ್ಪಾಳೆ ತಟ್ಟಿದರು. ಸತ್ತವನು ಮಾತಾಡುವಾಗ ಕಟ್ಟೆ ಬಿಟ್ಟು ಇಳಿಯುವುದು ಮರ್ಯಾದೆಯಲ್ಲ. ಡೆಸಿಮಸ್ ನಿಂತುಕೊಂಡ, ಒಣ ನಗು ನಕ್ಕ.

ನಾನು ಜನರ ಕಡೆ ತಿರುಗಿದೆ.

"ನೀವೆಲ್ಲ ನಾನು ಹೋದೆ ಅಂದ್ಕೊಂಡ್ರಾ? ಎಲ್ಲಿ ಹೋಗ್ಲಿ? ನದೀ ದಡದಲ್ಲಿ ಕೂತಿದೀನಿ!"

"ಯಾಕೆ? ಏನಾಯ್ತು?" ಜನ ಕೂಗಿದರು.

"ಏನಾಯ್ತಾ? ಕೇಳಿ. ದೋಣಿ ಬಂತು. ಎಲ್ಲರೂ ಹತ್ತಿದ್ರು. ಇಬ್ಬರು ಅಡಿಗೆಯವರು, ಒಬ್ಬ ಕ್ಷೌರಿಕ, ಒಬ್ಬಳು ಸೂಲಗಿತ್ತಿ. ನಾನೂ ಕಾಲೆತ್ತಿದೆ. ದೋಣಿಯವನು ಹುಟ್ಟು ಅಡ್ಡ ಹಿಡಿದ." ನಾನು ಬೆನ್ನು ಬಗ್ಗಿಸಿ ದೋಣಿಯವನ ದನಿ ತೆಗೆದೆ. "'ಕಾಸು ತೆಗಿ.' ತೆಗೆದೆ. ಹಲ್ಲಿಂದ ಕಚ್ಚಿ ನೋಡ್ದ. ತಿರುಗಿಸಿ ನೋಡ್ದ. 'ಇದೇನಿದು?' ಕಾಸು ಕಣಯ್ಯಾ, ಅಂದೆ. 'ಇದು ನಡೆಯಲ್ಲ,' ಅಂದ!"

ನಗೆ ಶುರುವಾಯಿತು.

"'ಯಾಕಯ್ಯಾ ನಡೆಯಲ್ಲ?' 'ಇದು ಈಜಿಪ್ಟಿನ ಕಾಸು. ಈಜಿಪ್ಟು ದಾಟಿದರೆ ಯಾರೂ ತಗೊಳ್ಳಲ್ಲ. ಬದಲಾಯಿಸ್ಕೊಂಡು ಬಾ.' 'ಅಯ್ಯಾ, ನಾನು ಸತ್ತಿದೀನಿ! ಎಲ್ಲಿ ಬದಲಾಯಿಸ್ಲಿ?' 'ಅದು ನಿನ್ನ ಹಣೆಬರಹ.' 'ಸ್ವಲ್ಪ ದಯೆ ತೋರಿಸೋ!' ಆಗ ಅವನು ಏನಂದ ಗೊತ್ತಾ?"

ಕಿವಿ ಕೆರೆದೆ. ಇಡೀ ಚೌಕ ನನ್ನ ಬದಲು ಕೂಗಿತು:

"ನೋಡೋಣ! ನೋಡೋಣ!"

ಯೂಟಿಕಸ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಕಾಸು ಬದಲಾಯಿಸೋ ಕಟ್ಟೆ ನನ್ನ ಹತ್ರ ಇದೆ ಬಾರೋ, ಅಂತ ಕೂಗಿಯೂ ಬಿಟ್ಟ. ಹಾಗೆ ಕೂಗಿದವನ ಕೈಯಲ್ಲಿ ರಕ್ತ ಇರಲಾರದು.

ನನ್ನ ಹಿಂದೆ ಡೆಸಿಮಸ್ ನಗುತ್ತಿರಲಿಲ್ಲ. ಅವನ ಉಸಿರು ನನಗೆ ಕೇಳುತ್ತಿತ್ತು.

ನಾನು ತಿರುಗಿ ಅವನ ಹತ್ತಿರ ಹೋದೆ. ದವಡೆಯಲ್ಲಿ ಅಡಗಿಸಿಕೊಂಡಿದ್ದ ಕಾಸನ್ನು ಮುಖವಾಡದ ಬಾಯಿಯ ಸಂದಿಯಿಂದ ಹೊರಕ್ಕೆ ಉಗುಳಿದೆ.

ಕಲ್ಲಿನ ಮೇಲೆ ಟಣ್ ಅಂತ ಬಿತ್ತು. ಉರುಳಿ ಅವನ ಚಪ್ಪಲಿಗೆ ತಾಗಿ ಅಡ್ಡಾಯಿತು. ಗಡ್ಡದ ನದೀದೇವರು ಮೇಲೆ ನೋಡುತ್ತಿದ್ದ.

ಡೆಸಿಮಸ್ ಒಂದು ಹೆಜ್ಜೆ ಹಿಂದೆ ಸರಿದ.

ದನಿ ತಗ್ಗಿಸಿದೆ. ಈಗ ತಮಾಷೆ ಇರಲಿಲ್ಲ. ನಲವತ್ತು ವರ್ಷ ಕೇಳಿದ ಔಲಸನ ಬರೀ ದನಿ.

"ಚಳಿ ಕಣೋ ತಮ್ಮಾ ಆ ದಡದಲ್ಲಿ. ಕತ್ತಲೆ. ಎಲ್ಲರೂ ದಾಟಿ ಹೋಗ್ತಾರೆ, ನಾನೊಬ್ಬನೇ ಕೂತಿರ್ತೀನಿ. ನೂರು ವರ್ಷ ಹೀಗೇ ಕೂರು ಅಂತಾನೆ. ನನ್ನಿಂದ ಆಗಲ್ಲ. ನಾನು ವಾಪಸ್ ಬಂದ್ಬಿಡ್ತೀನಿ. ಮನೆಗಲ್ಲ. ಈ ಕಾಸು ಇಟ್ಟವನ ಹತ್ರಾನೇ ಬಂದು ಇರ್ತೀನಿ."

"ಬೇಡ," ಅಂದ ಡೆಸಿಮಸ್.

"ಹಾಸಿಗೆ ಪಕ್ಕ ಕೂರ್ತೀನಿ."

"ಬೇಡ, ಅಣ್ಣಾ!"

ಟೋಗದ ಮಡಿಕೆಯಲ್ಲಿ ಕೈ ಹಾಕಿ ತಡಕಾಡಿದ. ಒಂದು ಬೆಳ್ಳಿ ಕಾಸು ತೆಗೆದ, ನಮ್ಮೂರ ಕಾಸು. ನನ್ನ ಮುಂದೆ ಮೊಣಕಾಲೂರಿ ಎರಡೂ ಕೈಯಲ್ಲಿ ಚಾಚಿದ.

"ತಗೋ. ಇದು ನಡೆಯುತ್ತೆ. ಇದನ್ನ ಕೊಡು ಅವನಿಗೆ. ಆ ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ ಕಣೋ. ಬೇರೆ ಇರಲಿಲ್ಲ. ಕಣ್ಣು ಮುಚ್ಚಿದೆ, ಹೆಸರು ಹಿಡಿದು ಮೂರು ಸಲ ಕರೆದೆ, ಎಲ್ಲ ಮಾಡಿದೆನಲ್ಲ ಅಣ್ಣಾ. ಒಂದೂ ಬಿಡಲಿಲ್ಲವಲ್ಲ!"

ನಗುತ್ತಿದ್ದ ಜನ ಕತ್ತು ಚಾಚಿದರು. ಪಾರಿವಾಳಗಳು ರೆಕ್ಕೆ ಬಡಿಯುವುದು ಕೇಳುತ್ತಿತ್ತು.

"ಯಾವ ಕತ್ತಲು, ತಮ್ಮಾ? ನೀನು ಸಮುದ್ರದ ಮೇಲಿದ್ದೆಯಲ್ಲ."

ಆಗ ಅವನಿಗೆ ಎಚ್ಚರವಾಯಿತು. ಸುತ್ತ ನೋಡಿದ. ಸಾವಿರ ಮುಖ ಅವನನ್ನೇ ನೋಡುತ್ತಿದ್ದವು. ಮತ್ತೆ ನನ್ನ ಕಡೆ ತಿರುಗಿದ. ಅವನು ನೋಡಿದ್ದು ಮುಖವಾಡವನ್ನೇ, ನನ್ನನ್ನಲ್ಲ.

"ಕರೆಸ್ಕೋ ಅಂತ ವರ್ಷಾ ವರ್ಷಾ ಬರೆದೆ," ಅಂದ. ಕೂಗಲಿಲ್ಲ, ಅಣ್ಣನ ಹತ್ತಿರ ದೂರು ಹೇಳುವ ಹಾಗೆ ಹೇಳಿದ. "ನನ್ನ ಹೆಂಡ್ತಿ ಅಲ್ಲೇ ಸತ್ತಳು. ಮಗು ಅಲ್ಲೇ ಸತ್ತಿತು. ಕೊನೆಗೆ ನಾನೇ ಬಂದೆ. ನಿನ್ನ ಕಾಲು ಹಿಡಿದೆ. ಮನೇಲಿ ಒಂದು ಮೂಲೆ ಕೊಡು ಅಂದೆ. ನೀನೇನಂದೆ? ಕಿವಿ ಕೆರ್ಕೊಂಡು ಏನಂದೆ? ಮೇಜಿನ ಮೇಲೆ ಹಣ್ಣು ಹೆಚ್ಚೋ ಚಾಕು ಇತ್ತು."

ಬೆಳ್ಳಿ ಕಾಸನ್ನು ಇನ್ನೂ ಚಾಚಿಯೇ ಹಿಡಿದಿದ್ದ.

ಅಸೆಲ್ಲಿಯಸ್ ಮೆಟ್ಟಿಲು ಹತ್ತಿ ಬಂದ. ಅವನ ಆಳುಗಳು ಡೆಸಿಮಸ್‌ನ ಎರಡೂ ತೋಳು ಹಿಡಿದರು.

"ಒಳಗೆ ಹೇಗೆ ಹೋದೆ?" ಅಂತ ಕೇಳಿದ.

ಡೆಸಿಮಸ್ ಗುಡ್ಡದ ಮೇಲಿನ ಮನೆಯ ಕಡೆ ಒಮ್ಮೆ ನೋಡಿದ.

"ತೋಟದ ಗೋಡೆ ಹಾರಿದೆ."

"ಯಾರ ಸಹಾಯ ಇತ್ತು?"

"ಯಾರದೂ ಇಲ್ಲ."

ಅಸೆಲ್ಲಿಯಸ್ ಜನರ ಕಡೆ ತಿರುಗಿ ದನಿ ಎತ್ತಿದ. "ಕೇಳಿ. ಸತ್ತವನು ಕೇಳಿದ್ದಾನೆ, ಕೊಂದವನು ಉತ್ತರ ಕೊಟ್ಟಿದ್ದಾನೆ, ಇಡೀ ಫೋರಂ ಸಾಕ್ಷಿ. ಬಂದವನು ಹೊರಗಿನವನು. ಒಳಗಿನ ಒಂದು ಕೈಯೂ ಇದರಲ್ಲಿ ಸೇರಿಲ್ಲ ಅಂತ ನಂಬಿ, ವೆಟ್ಟಿಡಿಯಸ್ ಮನೆಯ ಗುಲಾಮರನ್ನೆಲ್ಲ ಬಿಡ್ತಾ ಇದೀನಿ. ಸಂಕೋಲೆ ಬಿಚ್ಚಿ!"

ಆಗ ಎದ್ದ ಕೂಗಿಗೆ ಕಟ್ಟೆಯ ಕಲ್ಲು ನಡುಗಿತು.

ಆ ಜನರಲ್ಲಿ ಅರ್ಧಕ್ಕರ್ಧ ಒಂದು ಕಾಲದಲ್ಲಿ ಗುಲಾಮರಾಗಿದ್ದವರು, ಇಲ್ಲವೇ ಗುಲಾಮರ ಮಕ್ಕಳು. ಅವರು ಕೂಗುತ್ತಿದ್ದದ್ದು ನನಗಾಗಿ ಅಲ್ಲ. ಲಾಯದಲ್ಲಿ ಕೂತ ಕುದುರೆಯಾಳಿಗಾಗಿ, ಬಟ್ಟೆ ಒಗೆಯುವವಳಿಗಾಗಿ, ದೀಪ ಹಚ್ಚುವವನಿಗಾಗಿ. ಹೆಣಕ್ಕೆಂದು ತಂದ ಹೂವನ್ನೆಲ್ಲ ನನ್ನ ಮೇಲೆ ಎರಚಿದರು. ಮೀನಿನವಳು ಕಟ್ಟೆಗೆ ಹತ್ತಿ ಮುಖವಾಡಕ್ಕೇ ಮುತ್ತು ಕೊಟ್ಟಳು.

"ಬದುಕಿದ್ದಾಗ ಒಂದೂ ಒಳ್ಳೇದು ಮಾಡಲಿಲ್ಲ ಕಣೋ ನೀನು. ಸತ್ತು ಮಾಡಿದೆ!"

ದಂತದ ಕುರ್ಚಿಯಿಂದ ಮುತ್ತಜ್ಜಂದಿರು ಎದ್ದು ಕುಣಿದರು. ವೆಟ್ಟಿಡಿಯಸ್ ವಂಶದಲ್ಲಿ ಅಂಥದ್ದು ಅದಕ್ಕೆ ಮುಂಚೆ ಆಗಿರಲಾರದು. ವಿಬಿಯಮ್ಮ ನನ್ನ ಹತ್ತಿರ ಬಂದು, ಏನೂ ಮಾತಾಡದೆ, ತನ್ನ ಮುಸುಕಿನ ಅಂಚಿನಿಂದ ಮುಖವಾಡದ ಗಲ್ಲ ಒರೆಸಿದಳು.

ನಾನು ಮುಖವಾಡ ಬಿಚ್ಚಿದೆ. ಗಾಳಿ ಮುಖಕ್ಕೆ ತಾಗಿತು. ಎಷ್ಟೋ ಸಾವಿನಲ್ಲಿ ಗೆದ್ದಿದ್ದೇನೆ, ಚಪ್ಪಾಳೆ ಗಿಟ್ಟಿಸಿದ್ದೇನೆ. ಬದುಕನ್ನು ಗೆದ್ದುಕೊಟ್ಟದ್ದು ಅದೊಂದೇ ದಿನ.

* * *

ಚಿತೆಗೆ ನಾನು ಹೋಗಲಿಲ್ಲ. ಹೂವಿನ ಎಸಳು ತಲೆಯಲ್ಲಿ ಇರುವ ಹಾಗೇ ಗುಡ್ಡ ಹತ್ತಿ ಓಡಿದೆ. ನನ್ನ ವಯಸ್ಸಿಗೆ ಅದನ್ನು ಓಟ ಅನ್ನಬಹುದಾದರೆ.

ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಲಾಯದ ಅಂಗಳದಲ್ಲಿ ಅಳು, ನಗು, ಹಾಡು ಎಲ್ಲ ಒಟ್ಟಿಗೇ ನಡೆದಿತ್ತು. ಬಿಡುಗಡೆಯಾದವರು ಕಾಲು ಉಜ್ಜಿಕೊಳ್ಳುತ್ತ ಬಿಸಿಲಿಗೆ ಬರುತ್ತಿದ್ದರು. ಬಟ್ಟೆ ಒಗೆಯುವವಳು ನನ್ನ ಕೊರಳಿಗೆ ಬಿದ್ದಳು. ದೀಪದವನು ನನ್ನ ಕೈಗೆ ಹಣೆ ಒತ್ತಿದ. ಅಸೆಲ್ಲಿಯಸ್ ಕಡೆಯ ಕಮ್ಮಾರ ಒಬ್ಬೊಬ್ಬರ ಸಂಕೋಲೆಯ ಕೀಲನ್ನು ಬಡಿದು ತೆಗೆಯುತ್ತಿದ್ದ.

ಕೊನೆಗೆ ಉಳಿದವಳು ನನ್ನಕ್ಕ. ಎಲ್ಲರಿಗೂ ಮೊದಲು ಬಿಚ್ಚು ಅಂತ ಹಿಂದೆ ಸರಿದು ಕೂತಿದ್ದಳಂತೆ. ಹುಲ್ಲಿನ ಮೇಲೆ ಕಾಲು ಚಾಚಿ ಕೂತವಳು ನನ್ನನ್ನು ಕಂಡು ಮುಖ ಗಂಟಿಕ್ಕಿದಳು.

"ಲೋ, ಎಡಗಾಲು ಸರಿಯಾಗಿ ಎಳೆದೆಯೇನೋ? ಹೋದ ಸಲ ಅಭ್ಯಾಸ ಮಾಡೋವಾಗ ಬಲಗಾಲು ಎಳೀತಿದ್ದೆ."

"ಎಳೆದೆ ಕಣೇ ಅಕ್ಕಾ."

"ಮತ್ಯಾಕೆ ಅಳ್ತೀಯ? ಇಷ್ಟು ದೊಡ್ಡ ನಟ, ಮೂಗು ಸೋರ್ತಾ ಇದೆ ನೋಡು. ಒರೆಸ್ಕೋ."

ಪಕ್ಕದಲ್ಲಿ ಕುಸಿದು ಕೂತೆ. ಅವಳು ನನ್ನ ತಲೆಯಿಂದ ಎಸಳು ಆರಿಸತೊಡಗಿದಳು. ಕಮ್ಮಾರ ಅವಳ ಮೊದಲ ಕಾಲಿನ ಕೀಲು ಹಾರಿಸಿದ. ಕಬ್ಬಿಣದ ಬಳೆ ಕಳಚಿ ಬಿತ್ತು. ಅವಳು ಬೆರಳು ಅಲುಗಾಡಿಸಿ, ಸಣ್ಣ ಹುಡುಗಿಯ ಹಾಗೆ ನಕ್ಕಳು.

"ಯಾರು ಕೊಂದಿದ್ದಂತೆ? ಈ ಜನ ಕಿರುಚೋದರಲ್ಲಿ ನನಗೆ ಒಂದೂ ಕೇಳಿಸಲಿಲ್ಲ."

"ಡೆಸಿಮಸ್, ಅಕ್ಕಾ. ಅವರ ತಮ್ಮ."

ಎಸಳು ಆರಿಸುತ್ತಿದ್ದ ಬೆರಳು ನಿಂತಿತು. ಆ ಹುಡುಗನನ್ನು ಎತ್ತಿ ಆಡಿಸಿದವಳು ಅವಳೇ. ತಾಯಿಯಿಲ್ಲದ ಮಗು ಅವಳ ಒಲೆಯ ಪಕ್ಕದಲ್ಲೇ ಬೆಳೆದಿತ್ತು.

"ಅಯ್ಯೋ ಕೂಸೇ," ಅಂದಳು. "ಊಟಕ್ಕೇನಾದ್ರೂ ಕೊಟ್ಟರೇನೋ ಅವನಿಗೆ? ಆ ರಾತ್ರೀನೂ ಹಸ್ಕೊಂಡೇ ಬಂದಿತ್ತು ಕಣೋ. ಇಂಥದ್ದು ಮಾಡೀತು ಅಂತ ಹೊಳೀಲೇ ಇಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ. ಅಡುಗೆಮನೆ ಬಾಗಿಲು ತೆಗೆದು, ರೊಟ್ಟಿ, ಗಿಣ್ಣು ಕೊಟ್ಟು, ಅಣ್ಣ ಒಳಗಿದಾನೆ ಹೋಗು, ಹೋಗಿ ಕಾಲು ಹಿಡ್ಕೋ ಅಂತ ನಾನೇ ಕಳಿಸಿದೆ."

ಎರಡನೇ ಕಾಲಿನ ಕೀಲಿನ ಮೇಲೆ ಎತ್ತಿದ್ದ ಸುತ್ತಿಗೆ ಹಾಗೇ ನಿಂತಿತು.

ಕಮ್ಮಾರ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಸುತ್ತಿಗೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟು, ಅಂಗಳಕ್ಕೆ ಆಗಷ್ಟೇ ಕಾಲಿಡುತ್ತಿದ್ದ ಅಸೆಲ್ಲಿಯಸ್‌ನ ಕಡೆ ತಿರುಗಿ ಅವನು ಕೂಗಿದ:

"ಸ್ವಾಮೀ, ಸ್ವಲ್ಪ ಇಲ್ಲಿ ಬರಬೇಕು."